ತೊಳೆದು ತಂದ ಓಲೆ

ಬಳ್ಳಾರಿಯ ಕೌಲ್ ಬಜಾರಿನ ಚಾಚಾ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ತರಕಾರಿ ಗಾಡಿಯವನು. ಬದನೆಕಾಯಿ ತಕ್ಕಡಿಗೆ ಹಾಕುತ್ತಾ, "ನಿನ್ನಿ ಮಧ್ಯಾಹ್ನ ಹೋದ್ರಂತ್ರಿ ಟೀಚರಮ್ಮ, ಸಂಜಿಗೇ ಮಣ್ಣು ಮಾಡಿದ್ರು" ಎಂದ. ಅರ್ಧ ಕಿಲೋ ಕೇಳಿದ್ದೆನೋ ಒಂದು ಕಿಲೋ ಕೇಳಿದ್ದೆನೋ ನನಗೆ ಮರೆತುಹೋಯಿತು. ಅವನು ಕೊಟ್ಟಷ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗೆ ಇದೆಯೇ ಎಂದು ಹತ್ತು ದಿನ ನನ್ನಲ್ಲೇ ಜಗಳವಾಡಿಕೊಂಡಿದ್ದೇನೆ. ಇಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಅವರು ಚಾಚಾ.

ಅವರದು ಒಡವೆಗೆ ಕಲ್ಲು ಕೂರಿಸುವ ಕೆಲಸ. ಅದಕ್ಕಿಂತ ಹೆಚ್ಚಾಗಿ ಜನ ಬರುತ್ತಿದ್ದದ್ದು ಇನ್ನೊಂದು ಕೆಲಸಕ್ಕೆ. ಅಜ್ಜಿಯ ಕಾಲದ ಮೂಗುತಿ, ಅತ್ತೆ ಕೊಟ್ಟ ಓಲೆ, ಪಾಲಿಗೆ ಬಂದ ಉಂಗುರ ಇವನ್ನೆಲ್ಲ ತಂದು, ಇದರಲ್ಲಿರುವುದು ವಜ್ರವೋ ಅಲ್ಲವೋ ನೋಡಿ ಎನ್ನುತ್ತಿದ್ದರು. ಆಟೋ ಗ್ಯಾರೇಜಿಗೂ ಹೊಲಿಗೆ ಅಂಗಡಿಗೂ ನಡುವೆ ಅವರ ಅಂಗಡಿ. ಮೂರು ಜನ ಕೂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕೂರಬೇಕು. ಬಡಗಣದ ಕಿಟಕಿಯಿಂದ ಬೆಳಕು ಬರುವಷ್ಟು ಹೊತ್ತು ಮಾತ್ರ ವಜ್ರ ನೋಡುತ್ತಿದ್ದರು. ಮೋಡ ಕವಿದ ದಿನ ಬಂದವರನ್ನು ಚಹಾ ಕುಡಿಸಿ ಕಳಿಸುತ್ತಿದ್ದರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿ ಹಾಕಿ ಇನ್ನೊಂದು ಕಣ್ಣು ಮುಚ್ಚುವುದು ರೂಢಿಯಾಗಿಬಿಟ್ಟಿತ್ತು. ಸುಮ್ಮನೆ ಮಾತಾಡುವಾಗಲೂ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಸಬರು ತಮಗೆ ಕಣ್ಣು ಹೊಡೆದರೆಂದು ಗಾಬರಿಯಾಗುತ್ತಿದ್ದರು.

ನಾನು ಅದೇ ಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಹಿಂದಿನ ಓಣಿಯಲ್ಲಿ ಹದಿನಾರು ವರ್ಷ ಬಾಡಿಗೆಗೆ ಇದ್ದು, ಹೋದ ವರ್ಷವಷ್ಟೇ ಊರ ಇನ್ನೊಂದು ಕಡೆ ಮನೆ ಮಾಡಿದೆ. ಶಾಲೆಯಿಂದ ಬರುವಾಗ ಅವರ ಮೆಟ್ಟಿಲ ಮೇಲೆ ಕೂತು ಅರ್ಧ ಗ್ಲಾಸು ಚಹಾ ಕುಡಿಯುವುದು ಯಾವಾಗ ಶುರುವಾಯಿತೋ ನೆನಪಿಲ್ಲ. ಇದ್ದಿಲು ಮತ್ತು ವಜ್ರ ಎರಡೂ ಒಂದೇ ವಸ್ತು ಎಂದು ನಾನು ಒಮ್ಮೆ ದೊಡ್ಡದಾಗಿ ಪಾಠ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸಾಲಿ ಹುಡುಗ್ರಿಗೆ ಹಂಗ ಹೇಳಬ್ಯಾಡ್ರಿ ಟೀಚರಮ್ಮ, ಮನ್ಯಾಗ ಇದ್ದಿಲ ಕೂಡಿಡಾಕ ಹತ್ತಾವ" ಎಂದರು. ನನ್ನ ಪಾಂಡಿತ್ಯಕ್ಕೆ ಅವರು ಕೊಡುತ್ತಿದ್ದ ಬೆಲೆ ಅಷ್ಟೇ.

ಗೋಡೆಗೆ ಒಂದು ರಟ್ಟು ತೂಗುಹಾಕಿದ್ದರು. "ಒಡವಿ ತೊಳದು ತರಬಾರದು" ಎಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಒಂದು ಹಳೆಯ ಮೂಗುತಿ ತಿರುಗಿಸಿ ತೋರಿಸಿದರು. ನಮ್ಮ ಕಡೆಯ ಹಳೆಯ ಒಡವೆಗಳಲ್ಲಿ ಕಲ್ಲಿನ ಬೆನ್ನು ಕಾಣಿಸುವುದಿಲ್ಲ. ಪುಟ್ಟ ಬಂಗಾರದ ಗುಳಿಯಲ್ಲಿ ಹೊಳಪಿಗೆಂದು ತೆಳು ತಗಡು ಹಾಸಿ, ಮೇಲೆ ಕಲ್ಲು ಇಟ್ಟು, ಸುತ್ತ ಅಂಚು ಒತ್ತಿ ಮುಚ್ಚಿರುತ್ತಾರೆ. ಕೆಳಗಿನ ತಗಡು ಚೆನ್ನಾಗಿದ್ದರೆ ಗಾಜಿನ ಚೂರೂ ಮೆರೆಯುತ್ತದೆ. ಕಲ್ಲಿನ ಮೂಲಕ ಅಕ್ಷರ ಓದಿ ನೋಡು, ನೀರಿಗೆ ಹಾಕಿ ನೋಡು ಎಂದು ಫೋನಿನಲ್ಲಿ ಬರುವ ಉಪಾಯಗಳೆಲ್ಲ ಬಿಡಿ ಕಲ್ಲಿಗೆ ಸರಿ, ಇಂಥ ಒಡವೆಗೆ ಕೆಲಸಕ್ಕೆ ಬಾರವು. ಚಾಚಾ ಮೊದಲು ನೋಡುತ್ತಿದ್ದದ್ದು ಕಲ್ಲನ್ನೇ ಅಲ್ಲ, ಅಂಚಿನಲ್ಲಿ ಕೂತ ಕೊಳೆಯನ್ನು. ಅರಿಶಿನ, ಕೊಬ್ಬರಿ ಎಣ್ಣೆ, ಸೋಪು, ಬೆವರು ಪದರ ಪದರವಾಗಿ ಕೂತಿರುತ್ತದೆ. ಅಂಚನ್ನು ಯಾರಾದರೂ ಬಿಚ್ಚಿ ಮತ್ತೆ ಒತ್ತಿದ್ದರೆ ಆ ಪದರ ಹರಿದಿರುತ್ತದೆ. "ಕಲ್ಲು ಖರೇ ಏನು ಸುಳ್ಳೇನು ಅಂತ ಮಷಿನ್ ಹೇಳತೈತಿ. ಯಾವಾಗಿಂದ ಸುಳ್ಳು ಅಂತ ಜಿಡ್ಡು ಹೇಳಬೇಕು" ಎನ್ನುತ್ತಿದ್ದರು. ಮಷಿನ್ ಎಂದರೆ ಪೆನ್ನಿನಂಥದ್ದು, ಸೂರತ್ತಿನಲ್ಲಿದ್ದ ಅಳಿಯ ತಂದುಕೊಟ್ಟಿದ್ದ. ಮೊನೆ ತಾಗಿಸಿದರೆ ವಜ್ರವಾದಲ್ಲಿ ಪೀಂ ಎನ್ನುತ್ತದೆ. ಅದನ್ನು ಅವರು ಕೊನೆಗೆ, ಒಲ್ಲದ ಮನಸ್ಸಿನಿಂದ ಡ್ರಾಯರಿನಿಂದ ತೆಗೆಯುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಕಲ್ಲು ನೋಡುವ ಮೊದಲು ತಂದವರನ್ನು ಎರಡು ಪ್ರಶ್ನೆ ಕೇಳುತ್ತಿದ್ದರು. ಖರೇ ಇದ್ದರೆ ಏನು ಮಾಡುತ್ತೀರಿ, ಸುಳ್ಳಾದರೆ ಏನು ಮಾಡುತ್ತೀರಿ. ಎರಡಕ್ಕೂ ಉತ್ತರ ಹೇಳದವರ ಒಡವೆಯನ್ನು ಮುಟ್ಟುತ್ತಿರಲಿಲ್ಲ. ಸಿಟ್ಟಾಗಿ ಎದ್ದು ಹೋದವರನ್ನು ನಾನೇ ಕಂಡಿದ್ದೇನೆ. ಒಬ್ಬ ಹೆಂಗಸು ಎಷ್ಟೋ ಹೊತ್ತು ಯೋಚಿಸಿ, ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ ಎಂದು ತನ್ನ ಓಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಗುತ್ತಾ ಹೋದಳು. ಆಕೆಯನ್ನು ಚಾಚಾ ಬಹಳ ದಿನ ಹೊಗಳುತ್ತಿದ್ದರು.

ಅವರ ಬಾಯಿ ಬಿಗಿ ಎಷ್ಟೆಂದು ನನಗೆ ಗೊತ್ತಾದದ್ದು ಕರೂರು ಕಡೆಯ ಒಬ್ಬ ಭತ್ತದ ಜಮೀನುದಾರ ಬಂದ ದಿನ. ಬಿಳಿ ಕಾರು ಓಣಿಯ ಬಾಯಿಗೆ ಅಡ್ಡ ನಿಂತಿತು. ತನ್ನ ಹೆಂಡತಿ ಇಲ್ಲಿಗೆ ಬಂದಿದ್ದಳೇ, ಯಾವ ಒಡವೆ ತಂದಿದ್ದಳು ಎಂದು ಅವನಿಗೆ ತಿಳಿಯಬೇಕಿತ್ತು. "ಇಲ್ಲಿ ಬಂದವ್ರ ಹೆಸರು ಮೆಟ್ಟಿಲ ಇಳಿದ ಕೂಡ್ಲೆ ಮರೀತೀನಿ ಗೌಡ್ರ" ಎಂದರು ಚಾಚಾ. ಅವನು ಮೊದಲು ನಕ್ಕ, ಆಮೇಲೆ ಕೂಗಾಡಿದ, ಕೊನೆಗೆ ಮೇಜಿನ ಮೇಲಿದ್ದ ದೀಪವನ್ನು ಕೈಯಿಂದ ಹೊಡೆದು ಕೆಡವಿದ. ಚಾಚಾ ಗಾಜಿನ ಚೂರು ಆಯುತ್ತಾ ಅದೇ ಮಾತು ಇನ್ನೊಮ್ಮೆ ಹೇಳಿದರು. ಒಂದು ವಾರ ಅಂಗಡಿಯ ಮುಂದೆ ಇಬ್ಬರು ಅಪರಿಚಿತರು ಬೀಡಿ ಸೇದುತ್ತಾ ನಿಂತಿದ್ದರು. ಆ ವಾರ ಒಬ್ಬ ಗಿರಾಕಿಯೂ ಬರಲಿಲ್ಲ. ಚಾಚಾ ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವುದನ್ನು ಬಿಡಲಿಲ್ಲ. ಸೆರಗು ಹೊದ್ದವರು, ಬುರ್ಖಾ ಹಾಕಿದವರು, ಆಂಧ್ರದ ಗಡಿಯಿಂದ ಬಸ್ಸು ಹಿಡಿದು ಬಂದವರು ಅಲ್ಲಿಗೇ ಬರುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಮನೆಯವರಿಗೆ ಹೇಳಲಾಗದ್ದನ್ನು ಅಲ್ಲಿ ಇಟ್ಟು ಹೋಗಬಹುದಿತ್ತು.

ಇನ್ನು ನನ್ನ ಕತೆಗೆ ಬರಬೇಕು.

ಎರಡು ವರ್ಷದ ಹಿಂದೆ ನನ್ನ ತಾಯಿ ಕುರುಗೋಡಿನಲ್ಲಿ, ತಮ್ಮನ ಮನೆಯಲ್ಲಿ ಹೋದಳು. ಕೊನೆಯ ಎಂಟು ವರ್ಷ ಅವಳನ್ನು ನೋಡಿಕೊಂಡದ್ದು ತಮ್ಮನ ಹೆಂಡತಿ. ಎತ್ತಿ ಕೂರಿಸಿದ್ದು, ಮೈ ತೊಳೆಸಿದ್ದು, ಬಳ್ಳಾರಿಗೆ ಸ್ಕ್ಯಾನಿಗೆ ಕರೆತಂದದ್ದು ಎಲ್ಲ ಅವಳೇ. ನಾವಿಬ್ಬರು ಹೆಣ್ಣುಮಕ್ಕಳು, ಸಿರುಗುಪ್ಪದ ಅಕ್ಕ ಮತ್ತು ನಾನು, ಹಬ್ಬಕ್ಕೆ ಹಣ್ಣು ಹಿಡಿದು ಹೋಗಿ ಬರುವವರು. ಅಮ್ಮನ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಓಲೆ ಇತ್ತು. ನಮ್ಮ ಅಜ್ಜಿ, ಅಪ್ಪನ ತಾಯಿ, ಮದುವೆಯಲ್ಲಿ ಸೊಸೆಗೆ ಹಾಕಿದ್ದು. ಅಪ್ಪ ಹೋದ ಮೇಲೂ ಅದನ್ನು ತೆಗೆಯಲು ನಾವು ಬಿಟ್ಟಿರಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೆ ತಮ್ಮನ ಹೆಂಡತಿ ಬಟ್ಟೆಯಲ್ಲಿ ಕಟ್ಟಿದ್ದ ಓಲೆಯನ್ನು ತಂದು, ನೀವಿಬ್ಬರೂ ಏನು ಮಾಡುತ್ತೀರೋ ಮಾಡಿ ಎಂದು ನನ್ನ ಕೈಗೆ ಕೊಟ್ಟಳು.

ಸತ್ತವರ ಮೈಮೇಲಿನ ಒಡವೆ. ತೊಳೆಯದೆ ದೇವರ ಮನೆಯಿರುವ ಮನೆಯೊಳಗೆ ಇಟ್ಟುಕೊಳ್ಳುವುದು ನಮ್ಮಲ್ಲಿಲ್ಲ. ವಿಜ್ಞಾನದ ಟೀಚರಾದರೂ ಈ ವಿಷಯದಲ್ಲಿ ನಾನು ಅಮ್ಮನ ಮಗಳೇ. ಬಿಸಿನೀರಿಗೆ ಅಂಟುವಾಳದ ಕಾಯಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂದೆ ಮುಂದೆ ತಿಕ್ಕಿ, ಮೂರು ನೀರಿನಲ್ಲಿ ತೊಳೆದೆ. ಎಂಥ ಕೊಳೆ ಬಂತೆಂದರೆ ಬಟ್ಟಲಿನ ನೀರು ಕಂದಾಗಿತ್ತು. ಹೊಳೆಯುವ ಓಲೆಯನ್ನು ಕಂಡು ನನಗೆ ನನ್ನ ಬುದ್ಧಿ ತೋರಿಸುವ ಚಪಲ ಬಂತು. ವಜ್ರದ ಮೇಲೆ ಉಸಿರು ಬಿಟ್ಟರೆ ಮಂಜು ತಕ್ಷಣ ಆರುತ್ತದೆ. ಬೇರೆ ಕಲ್ಲಾದರೆ ನಿಲ್ಲುತ್ತದೆ. ಒಂದೊಂದರ ಮೇಲೂ ಉಸಿರು ಬಿಟ್ಟೆ. ಎಡಗಿವಿಯ ಓಲೆಯಲ್ಲಿ ಎರಡು ಕಲ್ಲುಗಳ ಮೇಲೆ ಮಂಜು ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು.

ನನಗೆ ತಡೆಯಲಾಗಲಿಲ್ಲ, ಅಕ್ಕನಿಗೆ ಫೋನು ಮಾಡಿದೆ. ಈ ಪಾಪದ ಮೊದಲ ಹೆಜ್ಜೆ ನನ್ನದು. ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಸ್ಕ್ಯಾನಿಗೆ ಹೋದಾಗ ಓಲಿ ಬಿಚ್ಚಸ್ತಾರ. ಆಗ ಯಾರ ಕೈಯಾಗ ಇರ್ತಿದ್ವು?" ಉತ್ತರ ಇಬ್ಬರಿಗೂ ಗೊತ್ತಿತ್ತು. ಎರಡು ದಿನದಲ್ಲಿ ಅದು ಕುರುಗೋಡಿಗೆ ಮುಟ್ಟಿತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೆಂಡತಿ ಬಡಿಸಿದ್ದನ್ನು ಉಣ್ಣುವುದು ಬಿಟ್ಟು ರಾಯರ ಮಠದ ಪ್ರಸಾದಕ್ಕೆ ಹೋಗತೊಡಗಿದ. ಎಂಟನೆಯ ದಿನ ಅವಳೇ ನನಗೆ ಫೋನು ಮಾಡಿದಳು. "ನಿಮ್ಮ ಓಣ್ಯಾಗ ಕಲ್ಲು ನೋಡವರು ಇದ್ದಾರಂತಲ್ಲ ಸಣ್ಣಕ್ಕಾರ, ಅವರ ಕಡೆ ಕರಕೊಂಡು ಹೋಗ್ರಿ. ಎಲ್ಲಾರ ಮುಂದ ಆಗಲಿ" ಎಂದಳು.

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ, ತಮ್ಮನ ಹೆಂಡತಿ, ನಾನು ಮೂವರೂ ಹೋದೆವು. ತಮ್ಮನ ಹೆಂಡತಿ ಕುರುಗೋಡಿನ ಬಸ್ಸು ಇಳಿದು ಬಂದವಳು ನನ್ನ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ. ದಾರಿಯಲ್ಲಿ ಅಕ್ಕ ನನ್ನ ಬಲಕ್ಕೆ ನಡೆದಳು, ಅವಳು ಹತ್ತು ಹೆಜ್ಜೆ ಹಿಂದೆ ಬಂದಳು.

ಚಾಚಾ ಕಪ್ಪು ಬಟ್ಟೆ ಹಾಸಿ ಓಲೆ ಇಡಿಸಿಕೊಂಡರು. ಎಡದ್ದನ್ನು ಎತ್ತಿ, ತಿರುಗಿಸಿ, ಕಿಟಕಿಗೆ ಹಿಡಿದರು. ಮುಖ ಗಂಟಾಯಿತು.

"ಯಾರು ತೊಳದ್ರು ಇದನ್ನ?"

"ನಾನ ಚಾಚಾ."

"ಬೋರ್ಡ್ ಓದೀರಿಲ್ಲೋ?"

"ಹದಿನೈದು ವರ್ಷದಿಂದ ಓದಲಿಕ್ಕತ್ತೀನಿ" ಎಂದೆ.

"ಏನೂ ಉಳಿಸಿಲ್ಲ ನೀವು" ಎಂದರು. "ಆ ತಾಯಿ ಕಿವ್ಯಾಗಿನ ಜಿಡ್ಡು ಇದ್ದಿದ್ರ ಅದ ಸಾಕ್ಷಿ ಹೇಳ್ತಿತ್ತು. ಈಗ ಯಾರನ್ನ ಕೇಳಲಿ?"

ತಮ್ಮನ ಹೆಂಡತಿ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಪರವಾಗಿ ಮಾತಾಡಬಹುದಾಗಿದ್ದ ಒಂದೇ ಒಂದನ್ನು ನಾನು ಬ್ರಷ್ಷು ಹಾಕಿ ತಿಕ್ಕಿ ಮೋರಿಗೆ ಚೆಲ್ಲಿದ್ದೆ.

ಚಾಚಾ ತಮ್ಮ ಎರಡು ಪ್ರಶ್ನೆ ಕೇಳಿದರು. ಅಕ್ಕ ತಯಾರಾಗಿಯೇ ಬಂದಿದ್ದಳು. "ಸುಳ್ಳಿದ್ರ ಆಕಿ ರಾಯರ ಮುಂದ ದೀಪ ಮುಟ್ಟಿ ಹೇಳಬೇಕು, ಕಲ್ಲು ಏನ್ ಮಾಡಿದೆ ಅಂತ. ಹೇಳಲಿಲ್ಲಂದ್ರ ಆ ಮನಿಗೂ ನಮಗೂ ಮುಗೀತು. ತಮ್ಮಗೂ ಹೇಳೀನಿ."

"ಖರೇ ಇದ್ರ?"

"ಖರೇ ಇದ್ರ ಏನದ, ಸುಮ್ಮನ ಮನಿಗೆ ಹೋಗೂದು."

"ಅದು ಉತ್ತರ ಅಲ್ಲ ಅಮ್ಮಾ" ಎಂದರು ಚಾಚಾ. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿದರು. "ನೀವೇನ್ ಮಾಡ್ತೀರವ್ವ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಎರಡರಾಗ ಯಾವುದಾದ್ರೂ ಇವತ್ತ ಸಂಜಿಗೆ ನಾ ಅಡಿಗಿ ಮಾಡಬೇಕು. ಅವರು ಉಣ್ಣತಾರೋ ಇಲ್ಲೋ ಅಷ್ಟ ನನಗ ಬೇಕಾಗಿದ್ದು. ಹದಿನೆಂಟು ವರ್ಷ ಬಡಸೀನಿ."

ಚಾಚಾ ಸ್ವಲ್ಪ ಹೊತ್ತು ಅವಳನ್ನೇ ನೋಡಿ ಡ್ರಾಯರು ಎಳೆದರು. ಪೆನ್ನಿನಂಥ ಮಷಿನ್ನು ಹೊರಬಂತು. ಬಲಗಿವಿಯ ಓಲೆಯ ಮೊದಲ ಕಲ್ಲಿಗೆ ತಾಗಿಸಿದರು, ಪೀಂ ಎಂದಿತು. ಎರಡು, ಮೂರು, ಏಳೂ ಕೂಗಿದವು. ಎಡದ್ದನ್ನು ತೆಗೆದುಕೊಂಡರು. ನಡುವಿನ ಕಲ್ಲು ಕೂಗಿತು. ಸುತ್ತಿನ ನಾಲ್ಕು ಕೂಗಿದವು. ಐದನೆಯದು ಕೂಗಲಿಲ್ಲ. ಅವರು ಮೊನೆ ಒರೆಸಿ ಮತ್ತೆ ಇಟ್ಟರು, ಕೂಗಲಿಲ್ಲ. ಆರನೆಯದೂ ಕೂಗಲಿಲ್ಲ.

"ಕೇಳಿದ್ರಿಲ್ಲೋ" ಎಂದಳು ಅಕ್ಕ. ಅದರಲ್ಲಿ ಗೆದ್ದ ಸಂತೋಷವಿರಲಿಲ್ಲ ಎಂದು ಈಗಲೂ ಹೇಳಬಲ್ಲೆ. ತಮ್ಮನ ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಯಾವಾಗಿಂದ ಅಂತ ಇನ್ನಾ ಗೊತ್ತಾಗಿಲ್ಲ" ಎಂದರು ಚಾಚಾ. "ಬಿಚ್ಚಬೇಕು. ಬಿಚ್ಚಲ್ಯಾ?"

ಅಕ್ಕ ಹೂಂ ಎಂದಳು. ಉಳಿಯಂಥ ಸಣ್ಣ ಹತಾರ ತೆಗೆದು ಗುಳಿಯ ಅಂಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಬ್ಬಿಸಿದರು. ಕಲ್ಲು ಸಡಿಲಾಗಿ ಕಪ್ಪು ಬಟ್ಟೆಯ ಮೇಲೆ ಬಿತ್ತು. ಅವರು ಅದನ್ನು ನೋಡಲೇ ಇಲ್ಲ. ಚಿಮಟಿಗೆಯಿಂದ ಗುಳಿಯೊಳಗಿನ ತಗಡಿನ ಚೂರನ್ನು ಎತ್ತಿ ಕಿಟಕಿಗೆ ಹಿಡಿದರು. ಹಿಡಿದವರು ಹಾಗೇ ಇದ್ದರು. ಆಮೇಲೆ ಭೂತಗನ್ನಡಿ ತೆಗೆದು, ಎರಡೂ ಕಣ್ಣು ತೆರೆದು, ನನ್ನ ಕಡೆ ನೋಡಿ, "ನೋಡ್ರಿ ಟೀಚರಮ್ಮ" ಎಂದು ಅದನ್ನು ನನಗೆ ಕೊಟ್ಟರು.

ಅದು ತಗಡಲ್ಲ, ಬೆಳ್ಳಿ ಕಾಗದ. ಹಿಂದೆ ಬಿಳಿ ಕಾಗದದ ಮೇಲೆ ಹಸಿರು ಗೆರೆ. ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಸುತ್ತಿದ ಸುರುಳಿ ಪೆಪ್ಪರಮಿಂಟಿನ ಕಾಗದ.

ಆಗ ನನಗೆ ಎಂಟು ವರ್ಷ. ಅಮ್ಮ ಸಿರುಗುಪ್ಪದಿಂದ ನನ್ನೊಬ್ಬಳನ್ನೇ ಕರೆದುಕೊಂಡು ಬಳ್ಳಾರಿಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕೇಳದೆಯೇ ಪೆಪ್ಪರಮಿಂಟು ಕೊಡಿಸಿದ್ದಳು. ಒಂದು ಇಕ್ಕಟ್ಟು ಅಂಗಡಿ, ಗಡ್ಡ ಕಪ್ಪಗಿದ್ದ ಒಬ್ಬರು. ಅವರು ನನ್ನ ಕೈಯಿಂದ ಸುರುಳಿ ಇಸಿದುಕೊಂಡು ಬೆಳ್ಳಿ ಕಾಗದ ಹರಿದುಕೊಂಡದ್ದು, ನಾನು ಅತ್ತದ್ದು, ಬಸ್ಸಿನಲ್ಲಿ ಅಮ್ಮ, "ಅಜ್ಜಿಗೆ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ" ಎಂದು ನನ್ನ ತಲೆ ಸವರಿದ್ದು. ಇಷ್ಟೂ ನನಗೆ ಆ ಕಾಗದ ಹಿಡಿದ ಕ್ಷಣದಲ್ಲಿ ನೆನಪಾಯಿತು. ನಲವತ್ತು ವರ್ಷ ಎಲ್ಲಿತ್ತೋ ಗೊತ್ತಿಲ್ಲ. ಇದೇ ಅಂಗಡಿಯ ಮೆಟ್ಟಿಲ ಮೇಲೆ ಹದಿನೈದು ವರ್ಷ ಚಹಾ ಕುಡಿದಾಗಲೂ ಬಂದಿರಲಿಲ್ಲ.

"ಈ ಕಲ್ಲು ಕೂಡಿಸಿದ್ದು ನಾನು" ಎಂದರು ಚಾಚಾ, ಅಕ್ಕನಿಗೆ. "ನಲವತ್ತು ವರ್ಷದ ಮ್ಯಾಲಾತು. ಈ ಅವ್ವ ಆಗಿನ್ನೂ ನಿಮ್ಮ ಮನೀನ ಕಂಡಿರಾಕಿಲ್ಲ."

"ಯಾರು ತಂದಿದ್ರು?"

"ಅದನ್ನ ಹೇಳಂಗಿಲ್ಲ."

"ಹೇಳಂಗಿಲ್ಲಂದ್ರ ನಾವು ಹೆಂಗ ನಂಬೂದು?" ಅಕ್ಕನ ದನಿ ಏರಿತು. "ಓಲಿ ತೊಳದದ, ಗುರುತಿಲ್ಲ ಅಂತ ನೀವ ಅಂದ್ರಿ. ಈಗ ನಾನ ಮಾಡಿದ್ದು ಅಂತೀರಿ. ಆಕಿ ಮೊದಲ ಬಂದು ನಿಮಗ ಹೇಳಿಟ್ಟಿಲ್ಲ ಅನ್ನಲಿಕ್ಕೆ ಏನದ?"

ಚಾಚಾ ನನ್ನನ್ನು ನೋಡಿದರು. ನನಗೆ ನೆನಪಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ಅವರು ಮಾತು ಕೊಟ್ಟವರು, ಹೇಳುವಂತಿರಲಿಲ್ಲ. ನಾನು ಮಗಳು, ಹೇಳಬಹುದಿತ್ತು. ನಾನು ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಮಾತೂ ಉಳಿಯುತ್ತಿತ್ತು, ತಮ್ಮನ ಹೆಂಡತಿಯ ಮಾನವೂ ಉಳಿಯುತ್ತಿತ್ತು.

ನಾನು ನನ್ನ ಚಪ್ಪಲಿಯ ಬಾರು ನೋಡುತ್ತಾ ನಿಂತೆ. ಪಕ್ಕದ ಗ್ಯಾರೇಜಿನವನು ಒಂದು ಆಟೋವನ್ನು ಸ್ಟಾರ್ಟ್ ಮಾಡುತ್ತಿದ್ದ. ಮೂರು ಸಲ ಮಾಡಿದ, ಮೂರು ಸಲವೂ ಅದು ನಿಂತಿತು. ಅಷ್ಟು ಹೊತ್ತು ನನಗೆ ಸಮಯ ಸಿಕ್ಕಿತ್ತು. ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಉಸಿರು ಬಿಟ್ಟು ಬೆಂಕಿ ಹಚ್ಚಿದವಳು ನಾನು, ತೊಳೆದು ಸಾಕ್ಷಿ ಅಳಿಸಿದವಳು ನಾನು, ಈಗ ಎಲ್ಲ ಗೊತ್ತಿದ್ದವಳೂ ನಾನೇ ಎಂದಾದರೆ ಅಕ್ಕನ ಮುಂದೆ ನನ್ನ ಗತಿ ಏನು ಎಂಬ ಭಯ. ಅಮ್ಮ ಹೇಳಬೇಡ ಅಂದಿದ್ದಳಲ್ಲ ಎಂಬ ನೆವವೂ ಬಂದು ಸೇರಿಕೊಂಡಿತು. ಹೇಡಿತನಕ್ಕೆ ನೆವಗಳು ತಾವಾಗಿ ಒದಗುತ್ತವೆ.

ಚಾಚಾ ಹತಾರವನ್ನು ಬಟ್ಟೆಯ ಮೇಲೆ ಇಟ್ಟರು. "ಆ ತಾಯಿ ನನ್ನ ಮಾಫ್ ಮಾಡಲಿ" ಎಂದು ಮೆಲ್ಲಗೆ ಹೇಳಿ ಅಕ್ಕನಿಗೆ ಹೇಳತೊಡಗಿದರು. "ತಂದವ್ರು ನಿಮ್ಮ ತಾಯಿ. ಸಿರುಗುಪ್ಪದಾಗ ಕಾಲುವಿಗೆ ಅರಬಿ ಒಗ್ಯಾಕ ಹೋದಾಗ ಎರಡು ಕಲ್ಲು ಉದುರಿದ್ವಂತ. ಅತ್ತಿಗೆ ಗೊತ್ತಾದ್ರ ಮನಿ ಲಕ್ಷ್ಮಿ ಕಳದ ಬಂದಿ ಅಂತಾರ, ಬಾಳ್ವಿ ಮಾಡಾಕ ಬಿಡಂಗಿಲ್ಲ ಅಂತ ಅಳಾಕ ಹತ್ತಿದ್ರು. ವಜ್ರದಂಗ ಕಾಣೂ ಬಿಳಿ ಜರ್ಕಾನ್ ಕಲ್ಲು ಕೂಡಿಸಿಕೊಟ್ಟೆ. ನಾಕರ ಬಸ್ಸಿಗೆ ಹೋಗಬೇಕಿತ್ತು, ನನ್ನ ಕಡೆ ತಗಡು ತೀರಿತ್ತು. ಕೂಡ ಒಂದು ಹುಡುಗಿ ಇತ್ತು, ಅದರ ಪೆಪ್ಪರಮಿಂಟಿನ ಕಾಗದ ಕತ್ತರಿಸಿ ಹಾಕಿದೆ. ಯಾರಿಗೂ ಹೇಳಂಗಿಲ್ಲ ಅಂತ ಮಾತು ತಗೊಂಡು ಹೋದ್ರು. ಇನ್ನೊಂದು ಕಲ್ಲು ಬಿಚ್ಚಿ ನೋಡ್ರಿ, ಅದರ ಕೆಳಗೂ ಅದ ಕಾಗದ ಐತಿ."

ಬಿಚ್ಚಿದರು. ಇತ್ತು.

ಅಕ್ಕ ಎರಡೂ ಕಾಗದದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಹುಡುಗಿ ನೀನ ಇರಬೇಕು, ನನ್ನ ಎಂದೂ ಕರಕೊಂಡು ಹೋಗಿಲ್ಲ ಅಮ್ಮ. ನಿನಗ ನೆನಪಿಲ್ಲೇನ?"

"ಇಲ್ಲ" ಎಂದೆ.

ಚಾಚಾ ಬಟ್ಟೆಯ ಮೇಲಿನ ಕಲ್ಲುಗಳನ್ನು ಒಟ್ಟು ಮಾಡುತ್ತಾ, "ಸಣ್ಣ ಹುಡುಗ್ರಿಗೆ ಎಲ್ಲಿ ನೆನಪಿರತೈತಿ" ಎಂದರು. ನನ್ನ ಮಾನವನ್ನೂ ಅವರೇ ಮುಚ್ಚಿದರು.

ತಮ್ಮ ಅಂದು ಸಂಜೆ ಮನೆಯಲ್ಲಿ ಉಂಡ. ಅಕ್ಕ ಕುರುಗೋಡಿಗೆ ಹೋಗಿ ಅವಳ ಕೈ ಹಿಡಿದು ಅತ್ತು, ಓಲೆಯನ್ನು ಅವಳಿಗೇ ಕೊಟ್ಟಳು. ಅವಳು ತೆಗೆದುಕೊಂಡಳು, ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಆದರೆ ಅಕ್ಕನಿಗೆ ಬಾಯಿ ನಿಲ್ಲುವುದಿಲ್ಲ. ಎಂಥಾ ಮನುಷ್ಯ, ಒಬ್ಬ ಹೆಣ್ಣುಮಗಳ ಸಲುವಾಗಿ ಕೊಟ್ಟ ಮಾತು ಬಿಟ್ಟ ಎಂದು ಸಿರುಗುಪ್ಪದ ಭಜನಾ ಮಂಡಳಿಯಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಹೇಳಿದ್ದೇ ಹೇಳಿದ್ದು. ಅವಳದು ಹೊಗಳಿಕೆಯೇ. ಕೇಳಿದ ಹೆಂಗಸರಿಗೆ ತಲುಪಿದ್ದು ಮಾತ್ರ ಬೇರೆ: ಕೌಲ್ ಬಜಾರಿನ ಚಾಚಾ ಹೇಳಿಬಿಡುತ್ತಾರೆ. ಸೆರಗು ಹೊದ್ದವರು ಕಡಿಮೆಯಾದರು. ಬುರ್ಖಾದವರೂ ಕಡಿಮೆಯಾದರು. ವರ್ಷ ಕಳೆಯುವುದರೊಳಗೆ ಅವರು ಮೂಗುತಿಯ ತಿರುಪು ಸರಿಮಾಡಿಕೊಂಡು ಕೂತಿರುತ್ತಿದ್ದರು. ಗೋಡೆಯ ರಟ್ಟನ್ನು ತೆಗೆದಿದ್ದರು.

ನಾನು ಮೆಟ್ಟಿಲ ಮೇಲೆ ಕೂರುವುದನ್ನು ಎರಡು ತಿಂಗಳು ತಪ್ಪಿಸಿಕೊಂಡೆ. ಕೊನೆಗೆ ಒಂದು ದಿನ ಅವರೇ ಕೂಗಿ ಕರೆದರು. ಚಹಾ ತರಿಸಿದರು. ಮಳೆ, ನೀರಿನ ಟ್ಯಾಂಕರು, ಅಳಿಯನ ಆರೋಗ್ಯ ಎಲ್ಲ ಮಾತಾಡಿದ ಮೇಲೆ, "ಆ ಪೆಪ್ಪರಮಿಂಟ್ ಖಾರ ಇತ್ತೇನ್ರಿ ಟೀಚರಮ್ಮ?" ಎಂದು ಕೇಳಿದರು.

ಸುಳ್ಳು ಹೇಳಲು ಆಗಲಿಲ್ಲ. "ಖಾರ ಇತ್ತು ಚಾಚಾ" ಎಂದೆ.

ಅವರು ತಲೆಯಾಡಿಸಿದರು. ಎಡಗಣ್ಣು ಮುಚ್ಚಿಕೊಂಡಿತ್ತು. "ನಿಮ್ಮ ಕೈಲಿಂದ ಕಸಗೊಂಡಾಗ ಭಾಳ ಅತ್ರಿ ನೀವು" ಎಂದು ನನ್ನ ಗ್ಲಾಸಿಗೆ ತಮ್ಮ ಗ್ಲಾಸಿನಿಂದ ಇನ್ನಷ್ಟು ಚಹಾ ಸುರಿದರು. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಿನ್ನೆ ಕುರುಗೋಡಿಗೆ ಹೋಗಿದ್ದೆ. ತಮ್ಮ ಕಚೇರಿಗೆ ಹೋಗಿದ್ದ. ಅವಳು ಅಡುಗೆ ಮುಗಿಸಿ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಚಾಚಾ ಹೋದರು ಎಂದೆ. ಮೊರ ಕೆಳಗಿಟ್ಟು ಕೈಮುಗಿದಳು. ಆಮೇಲೆ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ಆ ದಿನ ಕಾಗದ ನೋಡಿದ ಕೂಡಲೇ ನನಗೆ ಎಲ್ಲ ನೆನಪಾಗಿತ್ತು, ಅವರು ಹೇಳುವ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ.

"ಗೊತ್ತದ ಸಣ್ಣಕ್ಕಾರ" ಎಂದಳು.

"ಹೆಂಗ?"

"ದೊಡ್ಡಕ್ಕಾರು ಅವರ ಕೈ ನೋಡ್ಲಿಕ್ಕತ್ತಿದ್ರು. ನಾ ನಿಮ್ಮ ಮಾರಿ ನೋಡ್ಲಿಕ್ಕತ್ತಿದ್ದೆ."

ಈ ಎರಡು ವರ್ಷದಲ್ಲಿ ಎಷ್ಟೋ ಸಲ ಈ ಮನೆಗೆ ಬಂದಿದ್ದೇನೆ. ಪ್ರತಿ ಸಲವೂ ಎಲೆ ಹಾಕಿ, ತುಪ್ಪ ಬಡಿಸಿ, ಇನ್ನೊಂದು ತುತ್ತು ಎಂದು ಒತ್ತಾಯ ಮಾಡಿದ್ದಾಳೆ. "ಮತ್ತ ಒಂದು ಸಲಾನೂ ಕೇಳಲಿಲ್ಲಲ್ಲ ನೀನು" ಎಂದೆ.

"ನೀವ ಹೇಳ್ತೀರಿ ಅಂತ ಕಾದೆ" ಎಂದಳು. ಮೊರ ಮತ್ತೆ ಎತ್ತಿಕೊಂಡಳು. "ಆ ಚಾಚಾರೂ ಕಾದಿರಬೇಕು, ಪಾಪ."

ಊಟದ ಹೊತ್ತಾಗಿತ್ತು. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಅವಳು ಊಟಕ್ಕೆ ಏಳಿ ಎನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎದ್ದು ಚಪ್ಪಲಿ ಮೆಟ್ಟಿಕೊಂಡೆ.